ಬ್ರಹ್ಮಗಿರಿಯ ಕಲ್ಲುವೃತ್ತಗಳಲ್ಲಿ ಇರುವ ನಿಧಿ

ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗುವ ಹೆಚ್ಚಿನವರು ಅಶೋಕನ ಶಾಸನ ನೋಡಿ ವಾಪಸಾಗುತ್ತಾರೆ. ನಾವೂ ಅದಕ್ಕೇ ಹೋಗಿದ್ದೆವು. ಮರಳುವಾಗ ಗುಡ್ಡದ ಬುಡದಲ್ಲಿ ದುಂಡಗೆ ಹೂತ ಕಲ್ಲುಗುಂಡುಗಳು ಕಂಡವು. ಅಲ್ಲೇ ಕುರಿ ಮೇಯಿಸುತ್ತಿದ್ದ ಅಜ್ಜನನ್ನು ಕೇಳಿದೆವು.

"ಮೋರೇರ ಮನೆ ಕಣ್ರಪ್ಪಾ. ಗಿಡ್ಡ ಜನ ಇದ್ರಂತೆ. ಒಳಗೆ ನಿಧಿ ಐತೆ ಅಂತಾರೆ."

1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇಂಥ ಕೆಲವು ವೃತ್ತಗಳನ್ನು ಅಗೆಸಿದ್ದರು. ಅವು ಮನೆಗಳಲ್ಲ, ಕಬ್ಬಿಣ ಯುಗದ ಸಮಾಧಿಗಳು. ಕೆಲವು ವೃತ್ತಗಳ ನಡುವೆ ನಾಲ್ಕು ಚಪ್ಪಡಿಗಳನ್ನು ನಿಲ್ಲಿಸಿ ಮಾಡಿದ ಕಲ್ಲಿನ ಪೆಟ್ಟಿಗೆಯಂಥ ಕೋಣೆ. ಪೂರ್ವದ ಚಪ್ಪಡಿಯಲ್ಲಿ ಒಂದು ದುಂಡು ಕಿಂಡಿ. ಒಳಗೆ ಕಪ್ಪು-ಕೆಂಪು ಮಡಕೆಗಳು, ಕಬ್ಬಿಣದ ಸಾಮಾನು, ಒಬ್ಬರಿಗಿಂತ ಹೆಚ್ಚು ಜನರ ಮೂಳೆಗಳು. ಇನ್ನು ಕೆಲವು ವೃತ್ತಗಳಲ್ಲಿ ಬರೀ ಗುಣಿ. ಹೆಣವನ್ನು ಮೊದಲು ಅಲ್ಲಿಟ್ಟು, ಮಾಂಸ ಕರಗಿದ ಮೇಲೆ ಮೂಳೆಗಳನ್ನು ಆಯ್ದು ಕೋಣೆಗೆ ಸೇರಿಸುತ್ತಿದ್ದಿರಬೇಕು ಎಂದು ವೀಲರ್ ಊಹಿಸಿದರು.

ಆ ಕೆಲಸವನ್ನು ಕಣ್ಣ ಮುಂದೆ ತಂದುಕೊಂಡೆವು. ಚಪ್ಪಡಿ ಎಬ್ಬಿಸಬೇಕು, ಸಾಗಿಸಬೇಕು, ನೆಲ ಅಗೆದು ನಿಲ್ಲಿಸಬೇಕು. ಒಂದು ಮನೆಯವರಿಂದ ಆಗುವ ಕೆಲಸವಲ್ಲ. ಸತ್ತವರಿಗಾಗಿ ಊರೇ ಹೆಗಲು ಕೊಟ್ಟಿರಬೇಕು.

ಗುಡ್ಡದ ಶಾಸನ ತಂದೆತಾಯಿಯ ಮಾತು ಕೇಳಿ, ಪ್ರಾಣಿಗಳಿಗೆ ದಯೆ ತೋರಿ, ಸತ್ಯ ನುಡಿಯಿರಿ ಎನ್ನುತ್ತದೆ. ಅದನ್ನು ಬರೆದ ಲಿಪಿಕಾರ ಚಪಡನ ಹೆಸರೂ ಕೊನೆಯಲ್ಲಿದೆ. ಕೆಳಗಿನ ವೃತ್ತಗಳಲ್ಲಿ ಒಂದು ಅಕ್ಷರವೂ ಇಲ್ಲ. ಮಡಕೆ ಮಾಡಿದವರು, ಕಬ್ಬಿಣ ಬಡಿದವರು, ಕಲ್ಲು ಹೊತ್ತವರು ಹೆಸರು ಬಿಟ್ಟು ಹೋಗಿಲ್ಲ. ಆದರೆ ಹಿರಿಯರನ್ನು ಅವರು ಹೇಗೆ ಕಂಡರು ಎಂಬುದಕ್ಕೆ ಈ ಕಲ್ಲುಗಳೇ ಸಾಕ್ಷಿ.

ನಮ್ಮ ಊರುಗಳ ಚರಿತ್ರೆ ಬರೆಯಲು ಕೂತಾಗ ನಾವು ಮೊದಲು ಹುಡುಕುವುದು ಶಾಸನವನ್ನು, ರಾಜನ ಹೆಸರನ್ನು. ಅದು ಸಿಗದಿದ್ದರೆ ಊರಿಗೆ ಇತಿಹಾಸವೇ ಇಲ್ಲ ಎಂದುಬಿಡುತ್ತೇವೆ. ಹೊಲದ ಬದುವಿಗೆಂದು ಒಂದು ಗುಂಡು ಕಿತ್ತರೂ, ನಿಧಿಯಾಸೆಗೆ ಒಂದು ಚಪ್ಪಡಿ ಒಡೆದರೂ, ಅಕ್ಷರವಿಲ್ಲದವರು ಬಿಟ್ಟುಹೋದ ಒಂದೇ ದಾಖಲೆ ಹಾಳಾಗುತ್ತದೆ. ಅದಕ್ಕೆ ನಕಲು ಪ್ರತಿ ಇಲ್ಲ.

ಒಳಗೆ ಮಡಕೆ, ಮೂಳೆ ಇರುತ್ತವೆ ಎಂದು ಅಜ್ಜನಿಗೆ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಹಂಗಾದ್ರೆ ನಮ್ಮಂಥೋರೇ ಬಿಡಿ" ಎಂದು, ವೃತ್ತದೊಳಗೆ ನುಗ್ಗಿದ್ದ ಕುರಿಗಳನ್ನು ಹೊರಗೆ ಅಟ್ಟಿದರು.