ಕಾಲೇಜು ಲೈಬ್ರರಿಯಲ್ಲಿ ಯಾರಿಗೆ ಏನು ಸಿಗುತ್ತದೆ? ಕಾಲೇಜು ಬಿಟ್ಟವರಿಗೆ ಇರುವ ದಾರಿ ಯಾವುದು? ಇಲ್ಲಿದೆ ಪೂರ್ಣ ಮಾಹಿತಿ

ಶಿರಸಿ: ಡಿಗ್ರಿ ಕಾಲೇಜಿಗೆ ಅಡ್ಮಿಷನ್ ಮಾಡಿಸುವಾಗ ಕೊಡುವ ರಸೀದಿಯಲ್ಲಿ ಲೈಬ್ರರಿ ಫೀ ಅಂತ ಒಂದು ಸಾಲು ಇರುತ್ತದೆ. ದುಡ್ಡು ಎಲ್ಲರೂ ಕಟ್ಟುತ್ತಾರೆ. ಅದಕ್ಕೆ ಬದಲಾಗಿ ಏನೇನು ಸಿಗುತ್ತದೆ ಅಂತ ಕೇಳಿದರೆ ಮಾತ್ರ, ಕಾರ್ಡಿನ ಮೇಲೆ ಸಿಗುವ ಒಂದೆರಡು ಪುಸ್ತಕದ ಆಚೆಗೆ ಹೇಳುವವರು ಕಡಿಮೆ. ಪರೀಕ್ಷೆ ಹತ್ತಿರ ಬಂದಾಗ ಹೋಗೋದು, ನೋಟ್ಸ್ ಬರೆದುಕೊಂಡು ಬರೋದು, ಅಲ್ಲಿಗೆ ಮುಗಿಯಿತು.

ಶಿರಸಿಯ ಎಂ.ಎಂ. ಕಲಾ ಮತ್ತು ವಿಜ್ಞಾನ ಕಾಲೇಜು, ಸಿದ್ದಾಪುರದ ಎಂ.ಜಿ.ಸಿ. ಕಾಲೇಜು, ಈ ಭಾಗದ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತವೆ. ಶಿರಸಿಯ ಅರಣ್ಯ ಮಹಾವಿದ್ಯಾಲಯ ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ವಿಶ್ವವಿದ್ಯಾಲಯದ ಬಸವನಾಳ ಗ್ರಂಥಾಲಯದಂಥ ದೊಡ್ಡ ಸಂಗ್ರಹ ಇರುವುದು ಇಲ್ಲಿಂದ ನೂರು ಕಿ.ಮೀ.ಗೂ ದೂರದಲ್ಲಿ. ಹಾಗಾಗಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಿಂದ ಬರುವ ಮಕ್ಕಳಿಗೆ ತಮ್ಮ ಕಾಲೇಜಿನ ಲೈಬ್ರರಿಯೇ ದೊಡ್ಡ ಲೈಬ್ರರಿ. ಅಲ್ಲಿ ಏನಿದೆ, ಯಾರು ಬಳಸಬಹುದು, ಓದು ಅರ್ಧಕ್ಕೆ ನಿಂತವರು ಏನು ಮಾಡಬಹುದು ಎನ್ನುವ ವಿವರ ಇಲ್ಲಿದೆ.

ಕಾರ್ಡಿನ ಮೇಲೆ ಸಿಗುವುದು ಪುಸ್ತಕ ಮಾತ್ರ ಅಲ್ಲ

ಸಾಮಾನ್ಯವಾಗಿ ಕಾಲೇಜು ಲೈಬ್ರರಿಯಲ್ಲಿ ಮೂರು ಭಾಗ ಇರುತ್ತದೆ. ಮನೆಗೆ ಕೊಡುವ ಪುಸ್ತಕಗಳು, ಅಲ್ಲೇ ಕೂತು ಓದಬೇಕಾದ ರೆಫರೆನ್ಸ್ ವಿಭಾಗ, ಪೇಪರ್ ಮತ್ತು ಮ್ಯಾಗಜಿನ್ ಇಡುವ ಓದುವ ಕೋಣೆ. ಎಷ್ಟು ಪುಸ್ತಕ, ಎಷ್ಟು ದಿನ, ತಡವಾದರೆ ದಂಡ ಎಷ್ಟು ಅನ್ನುವುದನ್ನು ಆಯಾ ಕಾಲೇಜು ನಿರ್ಧರಿಸುತ್ತದೆ.

ಇದರ ಜೊತೆಗೆ ಕೇಳಿ ಪಡೆಯಬೇಕಾದ ಕೆಲವು ಸೌಲಭ್ಯ ಇವೆ. ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ಅದರಲ್ಲೊಂದು. ಸ್ಪರ್ಧಾತ್ಮಕ ಪರೀಕ್ಷೆಗಳ ಪುಸ್ತಕಗಳು ಇನ್ನೊಂದು. ಹಲವು ಕಾಲೇಜುಗಳಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡದ ವಿದ್ಯಾರ್ಥಿಗಳಿಗೆ ಬುಕ್ ಬ್ಯಾಂಕ್ ಇರುತ್ತದೆ. ಅದರಲ್ಲಿ ಪಠ್ಯಪುಸ್ತಕವನ್ನು ಸೆಮಿಸ್ಟರ್ ಮುಗಿಯುವ ತನಕ ಇಟ್ಟುಕೊಳ್ಳಬಹುದು. ನೋಟಿಸ್ ಬೋರ್ಡಿನಲ್ಲಿ ಹಾಕಿಲ್ಲ ಅಂದ ಮಾತ್ರಕ್ಕೆ ಸೌಲಭ್ಯ ಇಲ್ಲ ಅಂತ ತಿಳಿದುಕೊಳ್ಳಬಾರದು. ಕೌಂಟರಿನಲ್ಲಿ ಒಂದು ಮಾತು ಕೇಳಿದರೆ ಆಯಿತು.

ನಂಬರ್ ಗೊತ್ತಿದ್ದರೆ ಹುಡುಕೋದು ಸುಲಭ

ಪುಸ್ತಕದ ಬೆನ್ನಿನ ಮೇಲೆ ಅಂಟಿಸಿದ ಚೀಟಿಯಲ್ಲಿ ಒಂದು ಸಂಖ್ಯೆ ಇರುತ್ತದೆ. ಹೆಚ್ಚಿನ ಕಾಲೇಜುಗಳಲ್ಲಿ ಅದು ಡ್ಯೂಯಿ ದಶಮಾಂಶ ಪದ್ಧತಿಯ ಸಂಖ್ಯೆ. ಒಂದೇ ವಿಷಯದ ಪುಸ್ತಕಗಳೆಲ್ಲ ಒಂದೇ ಸಂಖ್ಯೆಯ ಅಡಿ, ಒಂದೇ ಕಪಾಟಿನಲ್ಲಿ ಕೂರುತ್ತವೆ. ನಮ್ಮ ಕಡೆಯ ವಿದ್ಯಾರ್ಥಿಗಳಿಗೆ ಉಪಯೋಗಕ್ಕೆ ಬರುವ ಕೆಲವು ಹೀಗಿವೆ:

- ಅರ್ಥಶಾಸ್ತ್ರ: 330
- ಸಸ್ಯಶಾಸ್ತ್ರ: 580
- ಅರಣ್ಯ: 634.9
- ಲೆಕ್ಕಶಾಸ್ತ್ರ: 657
- ಕನ್ನಡ ಸಾಹಿತ್ಯ: 894.814
- ಭಾರತದ ಇತಿಹಾಸ: 954 (ಅದರಲ್ಲಿ ಕರ್ನಾಟಕ 954.87)

ಕೆಲವು ಕಡೆ ಕಂಪ್ಯೂಟರಿನಲ್ಲಿ ಹೆಸರು ಹಾಕಿ ಹುಡುಕುವ ವ್ಯವಸ್ಥೆ ಇದೆ. ಇಲ್ಲದ ಕಡೆ ಈ ಸಂಖ್ಯೆಗಳೇ ಆಧಾರ. ಬೇಕಾದ ಪುಸ್ತಕ ಯಾರೋ ಒಯ್ದಿದ್ದರೂ ಅದರ ಅಕ್ಕಪಕ್ಕ ಅದೇ ವಿಷಯದ ಇನ್ನೊಂದು ಸಿಗುತ್ತದೆ.

ಸಿಲೆಬಸ್ ಬದಲಾದಾಗ ಆಗುವ ಪೇಚು

2021-22ರಲ್ಲಿ ರಾಜ್ಯದ ಡಿಗ್ರಿ ಕಾಲೇಜುಗಳಿಗೆ ರಾಷ್ಟ್ರೀಯ ಶಿಕ್ಷಣ ನೀತಿಯ ಸಿಲೆಬಸ್ ಬಂತು. 2024-25ರಿಂದ ಸರಕಾರ ನಾಲ್ಕು ವರ್ಷದ ಪದ್ಧತಿ ಕೈಬಿಟ್ಟು ಮತ್ತೆ ಮೂರು ವರ್ಷದ ಡಿಗ್ರಿಗೆ ಮರಳಿತು. ಮೂರೇ ವರ್ಷದಲ್ಲಿ ಎರಡು ಸಲ ಬದಲಾವಣೆ. ಇದರ ಹೊರೆ ಬಿದ್ದಿದ್ದು ಲೈಬ್ರರಿಗಳ ಮೇಲೂ ಹೌದು. ಒಂದು ಸಿಲೆಬಸ್ಸಿಗೆ ಅಂತ ತಂದ ಪಠ್ಯಪುಸ್ತಕ ಮುಂದಿನ ಬ್ಯಾಚಿಗೆ ಪೂರ್ತಿ ಹೊಂದುವುದಿಲ್ಲ, ಹೊಸದು ತರಲು ಮತ್ತೆ ದುಡ್ಡು ಬೇಕು.

ಹಾಗಂತ ಹಳೆ ಪುಸ್ತಕ ರದ್ದಿ ಅಲ್ಲ. ಪೇಪರಿನ ಹೆಸರು, ಯೂನಿಟ್ಟಿನ ಕ್ರಮ ಬದಲಾದರೂ ಒಳಗಿನ ಪಾಠ ಬಹಳಷ್ಟು ಅದೇ ಇರುತ್ತದೆ. ಸಿಲೆಬಸ್ ಪ್ರತಿ ಕೈಯಲ್ಲಿ ಹಿಡಿದು ಹೋದರೆ ಯಾವ ಅಧ್ಯಾಯ ಯಾವ ಪುಸ್ತಕದಲ್ಲಿ ಸಿಗುತ್ತದೆ ಅಂತ ಗ್ರಂಥಪಾಲಕರು, ಅಧ್ಯಾಪಕರು ಹೇಳಬಲ್ಲರು. ಪಠ್ಯಪುಸ್ತಕ ಕೊಳ್ಳುವಷ್ಟು ಅನುಕೂಲ ಇಲ್ಲದ ಮನೆಯ ಮಕ್ಕಳಿಗೆ ಇದೊಂದೇ ಉಪಾಯ.

ಮೊಬೈಲಿನಲ್ಲೇ ಸಿಗುವ ಲೈಬ್ರರಿ

ಗುಜರಾತಿನ ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್ ಕೇಂದ್ರ ಕಾಲೇಜುಗಳಿಗಾಗಿ ‘ಎನ್-ಲಿಸ್ಟ್’ ಅನ್ನುವ ಯೋಜನೆ ನಡೆಸುತ್ತದೆ. ಸದಸ್ಯತ್ವ ಪಡೆದ ಕಾಲೇಜಿನ ವಿದ್ಯಾರ್ಥಿಗೆ ಯೂಸರ್ ಐಡಿ, ಪಾಸ್‌ವರ್ಡ್ ಸಿಗುತ್ತದೆ. ಅದರಲ್ಲಿ 6 ಸಾವಿರಕ್ಕೂ ಹೆಚ್ಚು ಇ-ಜರ್ನಲ್ ಮತ್ತು 1.99 ಲಕ್ಷದಷ್ಟು ಇ-ಪುಸ್ತಕಗಳಿವೆ. ಕಾಲೇಜಿಗೆ ಬರಬೇಕು ಅಂತಿಲ್ಲ, ಮನೆಯಿಂದಲೇ ತೆರೆಯಬಹುದು. ಐಡಿ ಮಾಡಿಸಿಕೊಡುವುದು ಕಾಲೇಜಿನ ಕೆಲಸ. ಆದರೆ ವಿದ್ಯಾರ್ಥಿ ಕೇಳದೆ ಅದು ಕೈಗೆ ಬರುವುದು ಅಪರೂಪ.

ಇದಲ್ಲದೆ 2025ರ ಜನವರಿಯಿಂದ ಕೇಂದ್ರ ಸರಕಾರದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆ ಶುರುವಾಗಿದೆ. ಮೂರು ವರ್ಷಕ್ಕೆ 6 ಸಾವಿರ ಕೋಟಿ ರೂ. ಇಟ್ಟು, 30 ಪ್ರಕಾಶಕರ ಸುಮಾರು 13 ಸಾವಿರ ಜರ್ನಲ್‌ಗಳನ್ನು ಸರಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆದಿಡುವ ಯೋಜನೆ ಇದು. ಕೃಷಿ, ಅರಣ್ಯ ಓದುವವರಿಗೆ ‘ಸೆರಾ’ ಅನ್ನುವ ಪ್ರತ್ಯೇಕ ಇ-ಜರ್ನಲ್ ಕೂಟವೂ ಇದೆ.

ಒಂದು ಅಡ್ಡಿ ಎಲ್ಲರಿಗೂ ಗೊತ್ತಿದ್ದದ್ದೇ. ಘಟ್ಟದ ಕೆಳಗಿನ ಹಳ್ಳಿಗಳಲ್ಲಿ, ಕಾಡಿನ ನಡುವಿನ ಮಜರೆಗಳಲ್ಲಿ ಗುಡ್ಡ ಹತ್ತಿದರೆ ಮಾತ್ರ ನೆಟ್‌ವರ್ಕ್. ಮಳೆಗಾಲದಲ್ಲಿ ಕರೆಂಟು ಹೋದರೆ ಟವರೂ ಹೋಗುತ್ತದೆ. ಅಂಥವರು ಕಾಲೇಜಿನಲ್ಲಿ ಇರುವಾಗಲೇ ಬೇಕಾದ ಪಿಡಿಎಫ್ ಇಳಿಸಿಕೊಂಡು ಬರುವುದು ಒಳ್ಳೆಯದು. ಪುಸ್ತಕದ ಬದಲು ಇ-ಪುಸ್ತಕ ಕೊಟ್ಟರೆ ಸಾಕು ಅನ್ನುವ ಮಾತು ನಮ್ಮ ಕಡೆ ಇನ್ನೂ ನಡೆಯದು.

ಬಸ್ಸಿನ ಸಮಯ, ಲೈಬ್ರರಿಯ ಸಮಯ

ಊರಿನ ಬಸ್ಸು ನಾಲ್ಕು ಗಂಟೆಗೆ ಅಂದರೆ ಮೂರೂಮುಕ್ಕಾಲಿಗೆ ಸ್ಟ್ಯಾಂಡಿನಲ್ಲಿ ಇರಬೇಕು. ಬೆಳಿಗ್ಗೆ ಬರುವಷ್ಟರಲ್ಲಿ ಮೊದಲ ಕ್ಲಾಸು ಶುರುವಾಗಿರುತ್ತದೆ. ಕ್ಲಾಸು ನಡೆಯುವ ಹೊತ್ತಿನಲ್ಲಷ್ಟೇ ಲೈಬ್ರರಿ ತೆರೆದಿದ್ದರೆ ಹಳ್ಳಿಯ ವಿದ್ಯಾರ್ಥಿಗೆ ಉಳಿಯುವುದು ಊಟದ ಬಿಡುವು ಮಾತ್ರ. ಪೇಟೆಯಲ್ಲಿ ಮನೆ ಇದ್ದವರು, ಹಾಸ್ಟೆಲಿನಲ್ಲಿ ಇರುವವರು ಹೇಗೋ ಹೊಂದಿಸಿಕೊಳ್ಳುತ್ತಾರೆ. ಬಸ್ಸಿನವರಿಗೆ ಅದು ಆಗುವುದಿಲ್ಲ.

ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹ ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಪಂಚಸೂತ್ರಗಳಲ್ಲಿ ಒಂದು ಓದುಗರ ಸಮಯ ಉಳಿಸುವ ಕುರಿತದ್ದು. ಕೊನೆಯ ವರ್ಷಗಳಲ್ಲಿ ಬೆಂಗಳೂರಿನಲ್ಲೇ ನೆಲೆಸಿದ್ದ ಅವರು ತೀರಿಕೊಂಡಿದ್ದು 1972ರಲ್ಲಿ. ಅವರ ಹುಟ್ಟಿದ ದಿನವೆಂದು ಆಗಸ್ಟ್ 12ರಂದು ಗ್ರಂಥಪಾಲಕರ ದಿನ ಆಚರಿಸುತ್ತಾರೆ. ಫೋಟೋಕ್ಕೆ ಹಾರ ಹಾಕುವ ದಿನವೇ ಬಸ್ಸಿನ ವೇಳಾಪಟ್ಟಿಯನ್ನೂ ಎದುರಿಗಿಟ್ಟುಕೊಂಡರೆ ಅನುಕೂಲ. ಬೆಳಿಗ್ಗೆ ಅರ್ಧ ಗಂಟೆ ಮೊದಲು ಬಾಗಿಲು ತೆಗೆಯುವುದು, ಬಸ್ಸಿನ ಮಕ್ಕಳಿಗೆ ಊಟದ ಹೊತ್ತಿನಲ್ಲೂ ಪುಸ್ತಕ ಕೊಡುವುದು, ಇಂಥದ್ದಕ್ಕೆ ಹೊಸ ಕಟ್ಟಡ ಬೇಕಾಗಿಲ್ಲ.

ಓದು ಅರ್ಧಕ್ಕೆ ಬಿಟ್ಟವರು ಗಮನಿಸಿ

ಮನೆಯ ಪರಿಸ್ಥಿತಿ, ತೋಟದ ಕೆಲಸ, ಬೆಂಗಳೂರಿನಲ್ಲಿ ಸಿಕ್ಕ ನೌಕರಿ, ಫೇಲಾದ ಪೇಪರು. ಕಾಲೇಜು ನಡುವೆ ಬಿಡಲು ಕಾರಣ ಹತ್ತಾರು. ಬಿಡುವಾಗ ಮನೆಯಲ್ಲಿ ಉಳಿದುಹೋದ ಒಂದು ಲೈಬ್ರರಿ ಪುಸ್ತಕ ಮುಂದೆ ದೊಡ್ಡ ತೊಡಕಾಗುವುದುಂಟು. ಯಾಕೆಂದರೆ ಟಿ.ಸಿ. ಪಡೆಯಲು ಲೈಬ್ರರಿಯಿಂದ ‘ಬಾಕಿ ಇಲ್ಲ’ ಅನ್ನುವ ಸಹಿ ಬೇಕು. ದಂಡ ಎಷ್ಟಾಗಿದೆಯೋ ಅನ್ನುವ ಹೆದರಿಕೆಗೆ ಹೋಗುವುದನ್ನೇ ಮುಂದೂಡಿದರೆ ಟಿ.ಸಿ.ಯೂ ಅಲ್ಲೇ, ಅಂಕಪಟ್ಟಿಯೂ ಅಲ್ಲೇ.

ಮಾಡಬೇಕಾದ್ದು ಇಷ್ಟು. ಪುಸ್ತಕ ಇದ್ದರೆ ವಾಪಸ್ ಕೊಡಿ. ಕಳೆದಿದ್ದರೆ ಅದೇ ಪುಸ್ತಕದ ಇನ್ನೊಂದು ಪ್ರತಿ ತಂದುಕೊಡಬಹುದಾ ಅಂತ ಕೇಳಿ. ದಂಡ ಹೆಚ್ಚಾಗಿದ್ದರೆ ಕಡಿಮೆ ಮಾಡುವಂತೆ ಪ್ರಾಚಾರ್ಯರಿಗೆ ಅರ್ಜಿ ಬರೆಯಿರಿ. ಅಡ್ಮಿಷನ್ ಹೊತ್ತಿಗೆ ಠೇವಣಿ ಕಟ್ಟಿದ್ದರೆ ಅದರ ರಸೀದಿ ಜೊತೆಗಿರಲಿ. ಮುಂದೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಓದು ಮುಂದುವರಿಸುವ ಮನಸ್ಸಿದ್ದರೆ ಈ ಕಾಗದಗಳು ಬೇಕಾಗುತ್ತವೆ.

ಕಾರ್ಡು ರದ್ದಾದ ಮೇಲೂ ಅದೇ ಲೈಬ್ರರಿಯಲ್ಲಿ ಕೂತು ಓದಬಹುದಾ? ಅದು ಪ್ರಾಚಾರ್ಯರ ತೀರ್ಮಾನಕ್ಕೆ ಬಿಟ್ಟದ್ದು. ಹಳೆ ವಿದ್ಯಾರ್ಥಿ ಅಂತ ಹೇಳಿ, ಗುರುತಿನ ಚೀಟಿ ತೋರಿಸಿ, ರೆಫರೆನ್ಸ್ ವಿಭಾಗಕ್ಕಷ್ಟೇ ಅನುಮತಿ ಕೇಳಿದರೆ ತಪ್ಪೇನಿಲ್ಲ. ಎಫ್‌ಡಿಎ, ಪಿಎಸ್‌ಐ, ಪಿಡಿಒ ಪರೀಕ್ಷೆಗೆ ತಯಾರಿ ಮಾಡುವವರಿಗೆ ಮನೆಯಲ್ಲಿ ಇಲ್ಲದ್ದು ಪುಸ್ತಕಕ್ಕಿಂತ ಹೆಚ್ಚಾಗಿ ಗಲಾಟೆ ಇಲ್ಲದ ಒಂದು ಕುರ್ಚಿ.

ಯಾರು ಬೇಕಾದರೂ ಬಳಸಬಹುದಾದವು

ಕಾಲೇಜಿನ ಐಡಿ ಇಲ್ಲದವರಿಗೂ ಪುಕ್ಕಟೆ ಸಿಗುವ ದಾರಿಗಳಿವೆ.

- ಶೋಧಗಂಗಾ: ದೇಶದ ವಿಶ್ವವಿದ್ಯಾಲಯಗಳ 5 ಲಕ್ಷಕ್ಕೂ ಹೆಚ್ಚು ಪಿಎಚ್.ಡಿ. ಪ್ರಬಂಧಗಳು. ಕರ್ನಾಟಕ ವಿವಿಯವೂ ಇವೆ.
- ಕೃಷಿಕೋಶ: ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳು. ಅಡಿಕೆ, ಕಾಳುಮೆಣಸು, ಅರಣ್ಯದ ಬಗ್ಗೆ ಹುಡುಕುವ ಕೃಷಿಕರಿಗೂ ಉಪಯೋಗ.
- ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ: ಐಐಟಿ ಖರಗಪುರ ನಡೆಸುತ್ತದೆ. ಹೆಸರು ನೋಂದಾಯಿಸಿದರೆ ಸಾಕು.
- ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ: 2020ರಲ್ಲಿ ಶುರುವಾಗಿದ್ದು, ಮೊಬೈಲ್ ಆ್ಯಪ್ ಇದೆ.
- ಗ್ರಾಮ ಪಂಚಾಯತ ಅರಿವು ಕೇಂದ್ರ: ರಾಜ್ಯದ 5,600ಕ್ಕೂ ಹೆಚ್ಚು ಪಂಚಾಯತ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ.

ಇನ್ನೊಂದು ಮಾತು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಸೇರಿರುತ್ತದೆ. ಅಂದರೆ ಮನೆ ತೆರಿಗೆ ಕಟ್ಟುವವರು ಸಾರ್ವಜನಿಕ ಗ್ರಂಥಾಲಯಕ್ಕೆ ಆಗಲೇ ದುಡ್ಡು ಕೊಟ್ಟಾಗಿದೆ. ಅಲ್ಲಿಗೆ ಹೋಗಲು ಸಂಕೋಚ ಬೇಡ.

ಊರಿನ ಕಾಗದ ಊರಲ್ಲೇ ಇರಲಿ

ಬೇಡ್ತಿ-ವರದಾ ನದಿ ಜೋಡಣೆಯ ವಿಚಾರ ಮತ್ತೆ ಬಿಸಿಯಾಗಿದೆ. ನಾಲ್ಕು ದಶಕಗಳ ಹಿಂದೆಯೂ ಬೇಡ್ತಿ ಜಲವಿದ್ಯುತ್ ಯೋಜನೆ ವಿರೋಧಿಸಿ ಇಲ್ಲಿನ ಜನ ನಿಂತಿದ್ದರು. 1981ರಲ್ಲಿ ತಜ್ಞರನ್ನು ಶಿರಸಿಗೆ ಕರೆಸಿ ವಿಚಾರ ಸಂಕಿರಣ ಮಾಡಲಾಯಿತು. ಆ ಪ್ರಬಂಧಗಳು ‘ಮೇಜರ್ ಡ್ಯಾಮ್ಸ್: ಎ ಸೆಕೆಂಡ್ ಲುಕ್’ ಎಂಬ ಪುಸ್ತಕವಾಗಿ ಬಂದವು. 1983ರಲ್ಲಿ ಸಾಲ್ಕಣಿಯಲ್ಲಿ ಅಪ್ಪಿಕೋ ಚಳವಳಿ ಶುರುವಾಯಿತು. ಇವೆಲ್ಲದರ ಕರಪತ್ರ, ವರದಿ, ಪತ್ರಿಕೆ ತುಣುಕುಗಳು ಹಳೆಯ ಮನೆಗಳ ಮೆತ್ತಿನ ಮೇಲೆ ಗೆದ್ದಲು ಹಿಡಿಯುತ್ತಿದ್ದರೆ ಆಶ್ಚರ್ಯವಿಲ್ಲ.

1883ರ ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರಿನ ಕೆನರಾ ಸಂಪುಟ, 1985ರ ಉತ್ತರ ಕನ್ನಡ ಜಿಲ್ಲಾ ಗೆಜೆಟಿಯರ್, ಬನವಾಸಿ ಮತ್ತು ಸೋಂದೆಯ ಇತಿಹಾಸದ ಪುಸ್ತಕಗಳು, ಜೊತೆಗೆ ಇಂಥ ಸ್ಥಳೀಯ ಕಾಗದಗಳು. ಇಷ್ಟನ್ನು ಒಂದು ಕಪಾಟಿನಲ್ಲಿ ಇಟ್ಟರೆ ಅದೇ ‘ಊರಿನ ವಿಭಾಗ’. ವಿದ್ಯಾರ್ಥಿಗಳ ಪ್ರಾಜೆಕ್ಟಿಗೂ ಆಯಿತು, ಸಭೆಯಲ್ಲಿ ದಾಖಲೆ ಹಿಡಿದು ಮಾತಾಡುವವರಿಗೂ ಆಯಿತು. ಮನೆಯಲ್ಲಿ ಇಂಥ ಕಾಗದ ಇದ್ದವರು ರದ್ದಿಗೆ ಹಾಕುವ ಮೊದಲು ಹತ್ತಿರದ ಕಾಲೇಜಿನ ಗ್ರಂಥಪಾಲಕರನ್ನು ಒಮ್ಮೆ ಕೇಳಬಹುದು.

ಈ ವಾರ ಕೇಳಬೇಕಾದ ನಾಲ್ಕು ಪ್ರಶ್ನೆ

ವಿದ್ಯಾರ್ಥಿಗಳು: ನಮ್ಮ ಕಾಲೇಜಿಗೆ ಎನ್-ಲಿಸ್ಟ್ ಇದೆಯಾ, ನನ್ನ ಐಡಿ ಎಲ್ಲಿ? ಬುಕ್ ಬ್ಯಾಂಕಿಗೆ ಯಾರು ಅರ್ಹರು? ಹಳೆ ವಿದ್ಯಾರ್ಥಿಗಳು: ಕೂತು ಓದಲು ಅನುಮತಿ ಸಿಗಬಹುದಾ? ಪಾಲಕರು: ಬಸ್ಸಿನ ಮಕ್ಕಳಿಗೆ ಹೊಂದುವ ಹಾಗೆ ಲೈಬ್ರರಿ ಸಮಯ ಬದಲಾಯಿಸಲು ಆಗುತ್ತಾ?

ಬಾಯಲ್ಲಿ ಕೇಳಿ ಉತ್ತರ ಬರದಿದ್ದರೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು, ಸ್ವೀಕೃತಿ ಪಡೆದು ಇಟ್ಟುಕೊಳ್ಳಿ. ಲೈಬ್ರರಿಗೆ ಬರುವವರ ಸಂಖ್ಯೆ ರಿಜಿಸ್ಟರಿನಲ್ಲಿ ದಾಖಲಾಗುತ್ತದೆ, ನ್ಯಾಕ್ ತಂಡ ಬಂದಾಗ ಅದನ್ನೂ ನೋಡುತ್ತದೆ. ಒಳಗೆ ಹೋಗುವಾಗ ಸಹಿ ಹಾಕುವುದನ್ನು ಮರೆಯಬೇಡಿ. ಓದುವವರು ಇದ್ದಾರೆ ಅಂತ ಹೇಳುವ ಲೆಕ್ಕ ಅದೇ.