ಮೆಕ್ಯಾನೋ ಮತ್ತು ಹಲ್ಲುಚಕ್ರಗಳ ಪಾಠ

ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಮಾಂಸದ ವ್ಯಾಪಾರಿಯೊಬ್ಬನ ಬಳಿ ಗುಮಾಸ್ತನಾಗಿದ್ದ ಫ್ರಾಂಕ್ ಹಾರ್ನ್‌ಬಿ (೧೮೬೩–೧೯೩೬) ಎಂಬವನು ತನ್ನ ಮಕ್ಕಳಿಗೆ ತೂತು ಕೊರೆದ ಲೋಹದ ಪಟ್ಟಿಗಳಿಂದ ಭಾರವೆತ್ತುವ ಯಂತ್ರದ ಮಾದರಿಗಳನ್ನು ಮಾಡಿಕೊಡುತ್ತಿದ್ದನು. ೧೯೦೧ರಲ್ಲಿ ಅವನು ಪಡೆದ ಪೇಟೆಂಟಿನಲ್ಲಿ ಇದು ಆಟದ ಸಾಧನವೆಂದು ಮಾತ್ರವಲ್ಲದೆ ವಿದ್ಯೆಯ ಸಾಧನವೆಂದೂ ಹೇಳಲ್ಪಟ್ಟಿತ್ತು. ೧೯೦೭ರಲ್ಲಿ ಇದಕ್ಕೆ ಮೆಕ್ಯಾನೋ ಎಂಬ ಹೆಸರಾಯಿತು.

ವಿದ್ಯೆಯೆಂಬ ಮಾತು ಬರಿಯ ವ್ಯಾಪಾರದ ಮಾತೆಂದು ತೋರಬಹುದು; ಆದರೆ ಪಟ್ಟಿಯ ರಂಧ್ರಗಳನ್ನು ಗಮನಿಸಬೇಕು. ಅವು ಒಂದಕ್ಕೊಂದು ಅರ್ಧ ಅಂಗುಲ ದೂರದಲ್ಲಿವೆ. ಅಚ್ಚುಗಳು ಆ ರಂಧ್ರಗಳಲ್ಲಿಯೇ ನಿಲ್ಲತಕ್ಕವುಗಳಾದುದರಿಂದ, ಯಾವ ಚಕ್ರಕ್ಕೆ ಯಾವುದು ಜೋಡಿಯೆಂಬುದು ಬಾಲಕನಿಗೆ ಒಗಟಾಗುವುದು. ಮುಂದೆ ಸೇರಿದ ಹಲ್ಲುಚಕ್ರಗಳಲ್ಲಿ ೫೭ ಹಲ್ಲಿನದೂ ೧೯ ಹಲ್ಲಿನದೂ ಒಂದಂಗುಲದ ಅಂತರದಲ್ಲಿ ಚೆನ್ನಾಗಿ ಕಚ್ಚಿಕೊಳ್ಳುವುವು. ಕಿರಿದು ಮೂರು ಸುತ್ತು ಸುತ್ತಿದರೆ ಹಿರಿದು ಒಂದು ಸುತ್ತು, ಅದೂ ವಿರುದ್ಧ ದಿಕ್ಕಿನಲ್ಲಿ. ವೇಗವು ಕುಗ್ಗಿದಷ್ಟೂ ಎತ್ತುವ ಬಲವು ಹೆಚ್ಚುವುದು. ೫೦ ಮತ್ತು ೨೫ ಹಲ್ಲುಗಳ ಜೋಡಿಯೂ ಅದೇ ಅಂತರದಲ್ಲಿ ಕೂಡುವುದು. ಅಲ್ಲಿ ಎರಡು ಸುತ್ತಿಗೆ ಒಂದು. ಚಕ್ರಗಳನ್ನು ಅದಲುಬದಲು ಮಾಡಿ ೫೭ಕ್ಕೆ ೨೫ನ್ನು ಸೇರಿಸಹೋದರೆ ಅಚ್ಚು ರಂಧ್ರಕ್ಕೆ ಇಳಿಯದು. ೫೦ಕ್ಕೆ ೧೯ನ್ನು ಸೇರಿಸಿದರೆ ಹಲ್ಲು ಹಲ್ಲನ್ನು ಮುಟ್ಟದು. ತಪ್ಪನ್ನು ತೋರಿಸಲು ಉಪಾಧ್ಯಾಯನೇ ಬೇಕಾಗಿಲ್ಲ! ಸನ್ನೆಗೋಲು, ರಾಟೆಗಳ ವಿಷಯವೂ ಹೀಗೆಯೇ.

ಇದನ್ನು ಮಕ್ಕಳಾಟವೆಂದು ಕಡೆಗಣಿಸದವರು ವಿದ್ವಾಂಸರಲ್ಲಿಯೂ ಇದ್ದರು. ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದ ಡಗ್ಲಸ್ ಹಾರ್ಟ್ರೀ, ಆರ್ಥರ್ ಪೋರ್ಟರ್ ಎಂಬವರು ೧೯೩೪ರಲ್ಲಿ ಬಹುಮಟ್ಟಿಗೆ ಈ ಬಿಡಿಭಾಗಗಳಿಂದಲೇ, ಅಮೆರಿಕದ ವ್ಯಾನೆವಾರ್ ಬುಷ್‌ನ ಯಂತ್ರವನ್ನು ಅನುಸರಿಸಿ, ಅವಕಲ ಸಮೀಕರಣಗಳನ್ನು ಬಿಡಿಸುವ ಯಂತ್ರವೊಂದನ್ನು ಕಟ್ಟಿದರು. ತಗಲಿದ ವೆಚ್ಚ ಸುಮಾರು ೨೦ ಪೌಂಡು. ಪರಮಾಣುರಚನೆಯ ಲೆಕ್ಕಗಳನ್ನು ಅದರಿಂದ ಮಾಡಿದರು.