ನರ್ಸಿಂಗ್ ಸಂಶೋಧನಾ ಶಿಕ್ಷಣದಲ್ಲಿ ಸಿಮ್ಯುಲೇಷನ್

ಆಸ್ಪತ್ರೆಯ ಸನ್ನಿವೇಶವನ್ನು ಲ್ಯಾಬಿನಲ್ಲಿ ಕಟ್ಟಿಕೊಂಡು, ಮ್ಯಾನಿಕಿನ್ (ತರಬೇತಿಯ ಬೊಂಬೆ) ಅಥವಾ ರೋಗಿಯ ಪಾತ್ರಧಾರಿಯ ನೆರವಿನಿಂದ ಬಿ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿಗಳಿಗೆ ಸಂಶೋಧನೆ ಕಲಿಸುವ ವಿಧಾನ. ನಿಜವಾದ ರೋಗಿಗೆ ಅಪಾಯವಾಗದಂತೆ ಒಂದೇ ಸನ್ನಿವೇಶವನ್ನು ಎಷ್ಟು ಬಾರಿಯಾದರೂ ಮರುಸೃಷ್ಟಿಸಬಹುದಾದ್ದರಿಂದ ಇದು ಸಂಶೋಧನೆಯ ಅಭ್ಯಾಸಕ್ಕೆ ಒಗ್ಗುತ್ತದೆ.

ಹಿನ್ನೆಲೆ: ಅಮೆರಿಕದ ಹಾರ್ಟ್‌ಫರ್ಡ್ ಆಸ್ಪತ್ರೆಯ ನರ್ಸಿಂಗ್ ಶಾಲೆಗಾಗಿ 1911ರಲ್ಲಿ ಮಾರ್ಥಾ ಚೇಸ್ ಆಳೆತ್ತರದ ಬೊಂಬೆ ತಯಾರಿಸಿದರು. 1960ರಲ್ಲಿ ನಾರ್ವೆಯ ಓಸ್ಮುಂಡ್ ಲಾರ್ಡಾಲ್ ಕೃತಕ ಉಸಿರಾಟ ಕಲಿಸುವ 'ರೆಸಸಿ ಆ್ಯನ್' ಬೊಂಬೆಯನ್ನು ತಂದರು. 2014ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು 10 ನರ್ಸಿಂಗ್ ಶಾಲೆಗಳ ವಿದ್ಯಾರ್ಥಿಗಳನ್ನು ಯಾದೃಚ್ಛಿಕವಾಗಿ ಗುಂಪು ಮಾಡಿ, ಕ್ಲಿನಿಕಲ್ ಅವಧಿಯ ಶೇ. 25 ಮತ್ತು ಶೇ. 50 ಭಾಗವನ್ನು ಸಿಮ್ಯುಲೇಷನ್‌ಗೆ ಕೊಟ್ಟು ನೋಡಿತು. ಸಾಂಪ್ರದಾಯಿಕ ತರಬೇತಿ ಪಡೆದವರಿಗೂ ಇವರಿಗೂ ಜ್ಞಾನ, ಕ್ಲಿನಿಕಲ್ ಸಾಮರ್ಥ್ಯಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಪಠ್ಯಕ್ರಮ: ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಪ್ರಕಟಿಸಿದ ಪರಿಷ್ಕೃತ ನಿಯಮಗಳಂತೆ ಬಿ.ಎಸ್ಸಿ. ನರ್ಸಿಂಗ್ ಎಂಟು ಸೆಮಿಸ್ಟರುಗಳ ವ್ಯಾಸಂಗ. 'ನರ್ಸಿಂಗ್ ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರ' ಏಳನೆಯದರಲ್ಲಿ ಬರುತ್ತದೆ.

ಬೋಧನಾಕ್ರಮ: ರಕ್ತದೊತ್ತಡ ಅಳೆಯುವ ಅಭ್ಯಾಸ ಸರಳ ಉದಾಹರಣೆ. ತರಬೇತಿಗೆಂದೇ ಮಾಡಿದ ಕೃತಕ ತೋಳಿನಲ್ಲಿ ಶಿಕ್ಷಕರು ಒತ್ತಡವನ್ನು ಮೊದಲೇ ನಿಗದಿಪಡಿಸುತ್ತಾರೆ. ವಿದ್ಯಾರ್ಥಿಗಳು ಒಬ್ಬರಿಗೊಬ್ಬರು ಹೇಳದೆ ಅಳೆದು ಬರೆದಿಡುತ್ತಾರೆ. ನಿಗದಿತ ಅಂಕಿಯಿಂದ ಎಷ್ಟು ದೂರ ಎಂಬುದರಿಂದ ನಿಖರತೆಯೂ, ಬರೆದವರ ಅಂಕಿಗಳ ನಡುವಿನ ಅಂತರದಿಂದ ವಿಶ್ವಾಸಾರ್ಹತೆಯೂ ಅರ್ಥವಾಗುತ್ತವೆ. ಚೀಟಿ ಎತ್ತಿ ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ಹೆಚ್ಚುವರಿ ತರಬೇತಿ ಕೊಟ್ಟರೆ ಅದೇ ಅಭ್ಯಾಸ ಪುಟ್ಟ ಪ್ರಯೋಗವಾಗುತ್ತದೆ. ಕೊನೆಯ ಚರ್ಚೆಯಲ್ಲಿ ಅಂಕಿಗಳು ಏಕೆ ಬೇರೆಯಾದವು ಎಂದು ಹುಡುಕುತ್ತಾರೆ. ಕಲಿಕೆಯ ಬಹುಪಾಲು ನಡೆಯುವುದು ಇಲ್ಲಿಯೇ.

ಸಂಶೋಧನೆಯಲ್ಲಿ ಭಾಗವಹಿಸುವವರ ಒಪ್ಪಿಗೆ ಪಡೆಯುವುದನ್ನೂ ಪಾತ್ರಾಭಿನಯದಿಂದ ಕಲಿಸಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿಯಂತೆ ಮಾಹಿತಿಯನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು. ಮರಾಠಿ, ಹಿಂದಿಯ ಜೊತೆಗೆ ಕನ್ನಡ, ತುಳು ಮನೆಮಾತಿನವರೂ ನೆಲೆಸಿರುವ ಮುಂಬಯಿ ಸಮೀಪದ ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ಈ ಅಭ್ಯಾಸ ಅತ್ಯಗತ್ಯ.

ಮಿತಿಗಳು: ಮ್ಯಾನಿಕಿನ್‌ಗೆ ನೋವಿಲ್ಲ, ಭಯವಿಲ್ಲ, ಮನೆಯ ಚಿಂತೆಯಿಲ್ಲ. ಲ್ಯಾಬಿನ ಫಲಿತಾಂಶವನ್ನು ನೇರವಾಗಿ ವಾರ್ಡಿಗೆ ಅನ್ವಯಿಸಲಾಗದು. ವಿದ್ಯಾರ್ಥಿಗಳನ್ನೇ ಅಧ್ಯಯನಕ್ಕೆ ಒಳಪಡಿಸುವಾಗ ಅವರ ಒಪ್ಪಿಗೆಗೂ ಪರೀಕ್ಷೆಯ ಅಂಕಗಳಿಗೂ ನಂಟಿರಬಾರದು. ಇಷ್ಟು ಎಚ್ಚರ ವಹಿಸಿದರೆ, ತಾನು ಬರೆದ ಅಂಕಿಯನ್ನು ತಾನೇ ಪ್ರಶ್ನಿಸುವ ಅಭ್ಯಾಸ ನರ್ಸ್‌ಗೆ ರೋಗಿಯ ಹಾಸಿಗೆಯ ಬಳಿ ನಿಲ್ಲುವ ಮೊದಲೇ ಬಂದಿರುತ್ತದೆ.